ಮಂಡೆಬೆಚ್ಚಕ್ಕೆ ಮಂಡಿ ಮುಟ್ಟಿ ನೋಡಿದ ಡಾಕ್ಟರು

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸವಾಯಿತು ಅನ್ನಬಾರದು. ಹತ್ತೊಂಬತ್ತು ವರ್ಷದಿಂದ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಸುಳ್ಯದಿಂದ ಪುತ್ತೂರು, ಪುತ್ತೂರಿನಿಂದ ಕಡಬದ ಮೇಲಾಗಿ ನೆಟ್ಟಣ, ಅಲ್ಲಿ ರೈಲಿಗೆ ಹೋಗುವವರನ್ನು ಇಳಿಸಿ ವಾಪಸು. ಬಾಗಿಲಲ್ಲಿ ನೇತಾಡುವ ಕಾಲೇಜಿನವರನ್ನು ಒಳಗೆ ದೂಡಲಿಕ್ಕೆ, ಪಕ್ಕದ ಸೀಟಿನಲ್ಲಿ ಗೋಣಿಚೀಲ ಕೂರಿಸಿ ನಿದ್ದೆ ಬಂದವರ ಹಾಗೆ ನಟಿಸುವವರನ್ನು ಎಬ್ಬಿಸಲಿಕ್ಕೆ ಮೆಲುದನಿ ಸಾಲುವುದಿಲ್ಲ. ನನ್ನ ದನಿ ಡ್ರೈವರ್ ಸೀಟಿನಿಂದ ಹಿಂದಿನ ಕಿಟಕಿಯವರೆಗೆ ಆರಾಮವಾಗಿ ಹೋಗುತ್ತದೆ.

ಹಾಗಾಗಿ ಮೂವತ್ತಾರನೇ ವಯಸ್ಸಿನಲ್ಲಿ, ಡಿಪೋದಲ್ಲಿ ಇಟ್ಟಿದ್ದ ಆರೋಗ್ಯ ತಪಾಸಣೆಯಲ್ಲಿ, ನನಗೆ ಬಿಪಿ ಉಂಟು ಅಂತ ಗೊತ್ತಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನೂರ ಎಪ್ಪತ್ತು ಚಿಲ್ಲರೆ ಇತ್ತು. ಹಿಂದೆ ಸಾಲಿನಲ್ಲಿದ್ದ ನಮ್ಮ ಡ್ರೈವರ್ ಹಮೀದಾಕ, "ಪುಷ್ಪಕ್ಕನಿಗೆ ಬಿಪಿ ಇಲ್ಲದಿದ್ರೆ ಮತ್ತೆ ಯಾರಿಗೆ ಇರ್ಬೇಕು ಮಾರಾಯ್ರೆ, ನಂಗಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಊರಿನಲ್ಲಿ ಸಿಟ್ಟು ಬಂದವನಿಗೆ "ಅವನಿಗೆ ಬಿಪಿ ಏರಿದೆ" ಅನ್ನುವುದೇ ಮಾತು. ಸಿಟ್ಟೂ ಬಿಪಿಯೂ ಒಂದೇ ಅಂತ ನಾವು ಯಾವತ್ತೋ ತೀರ್ಮಾನ ಮಾಡಿಟ್ಟಿದ್ದೇವೆ.

ಇನ್ನೊಂದು ಮಾತೂ ಉಂಟು, ಮಂಡೆಬೆಚ್ಚ. ನಮ್ಮ ಕಡೆ ತಲೆಗೆ ಮಂಡೆ ಅನ್ನುವುದು. ತಲೆಬಿಸಿ, ಚಿಂತೆ, ಕಿರಿಕಿರಿ ಎಲ್ಲ ಸೇರಿದರೆ ಅದು ಮಂಡೆಬೆಚ್ಚ. ಮೊದಲ ಡಾಕ್ಟರು, "ಏನಾದ್ರೂ ಟೆನ್ಶನ್ ಉಂಟಾ?" ಅಂತ ಕೇಳಿದ್ದಕ್ಕೆ, "ನಂಗೆ ಸ್ವಲ್ಪ ಮಂಡೆಬೆಚ್ಚ ಜಾಸ್ತಿ ಡಾಕ್ಟ್ರೇ, ಕೆಲಸವೇ ಹಾಗೆ" ಅಂದೆ. ಅವರು ತಲೆ ಆಡಿಸಿ ಮಾತ್ರೆ ಬರೆದರು. ಆಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಈ ಮಾತು ಒಪ್ಪಿಸುತ್ತಿದ್ದೆ. ಎಲ್ಲರೂ ಇದೇ ಕಡೆಯವರು. ಅವರಿಗೆ ಮಾತು ಅರ್ಥವಾಗುತ್ತಿತ್ತು. ಅರ್ಥವಾದ ಮೇಲೆ ಮತ್ತೆ ಕೇಳುವುದಕ್ಕೆ ಏನಿದೆ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಬಿಪಿ ಮಾತ್ರ ನನ್ನಷ್ಟೇ ಹಠಮಾರಿ, ಇಳಿಯಲಿಲ್ಲ.

ನಮ್ಮ ಮನೆ ಕಲ್ಲುಗುಂಡಿಯಲ್ಲಿ, ಮಡಿಕೇರಿ ರಸ್ತೆಯ ಬದಿಗೇ. ಗಂಡ ಕುಸುಮಾಧರ ಪಂಪುಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾರೆ, ಮನೆಗೆ ತಾಗಿಕೊಂಡೇ ಅವರ ಶೆಡ್ಡು. ಒಬ್ಬಳೇ ಮಗಳು ದೀಕ್ಷಾ, ಮೂರನೇ ಮಾತ್ರೆ ಬಂದ ವರ್ಷ ಸುಳ್ಯದಲ್ಲಿ ಪಿಯುಸಿಗೆ ಸೇರಿದ್ದಳು. ಮತ್ತೆ ನನ್ನ ಅತ್ತೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಯುತ್ತೇನೆ.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಮದುವೆಯಾಗಿ ಬಂದ ಮೂರನೇ ದಿನ ನಮ್ಮಿಬ್ಬರ ಮೊದಲ ಜಗಳ. ಬಾವಿಯ ಬಳಿ ಕೊಡಪಾನ ಬೋರಲು ಹಾಕಿದ್ದು ಯಾಕೆ ಅಂತ ಅವರು, ಹಾಕಿದರೆ ಎಂತ ಆಗುತ್ತದೆ ಅಂತ ನಾನು. ಅಲ್ಲಿಂದ ಶುರುವಾದದ್ದು ಒಂದು ದಿನವೂ ತಪ್ಪಿಲ್ಲ. ಗಂಜಿಗೆ ಅಕ್ಕಿ ಯಾವಾಗ ಹಾಕಬೇಕು, ಬಟ್ಟೆ ಯಾವ ಕಡೆ ಒಣಗಿಸಬೇಕು, ಯಾವುದೂ ಸಣ್ಣ ವಿಷಯವಲ್ಲ. ನನ್ನ ಡ್ಯೂಟಿ ಮುಗಿದು ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವರು ಜಗುಲಿಯಿಂದ ಏನಾದರೊಂದು ಎಸೆಯುತ್ತಿದ್ದರು, ನಾನು ಚೀಲ ಇಡುವ ಮೊದಲೇ ಉತ್ತರ ಕೊಡುತ್ತಿದ್ದೆ. ಅರ್ಧ ಗಂಟೆ ಜಗಳ, ಆಮೇಲೆ ಇಬ್ಬರೂ ಒಟ್ಟಿಗೆ ಚಾ. ಅದು ನಮ್ಮ ಮಾತುಕತೆ. ನನಗೆ ಅದು ಎಷ್ಟು ಬೇಕಾಗಿತ್ತು ಅಂತ ನಿಂತ ಮೇಲೆ ಗೊತ್ತಾಯಿತು.

ಮೂರನೇ ಮಾತ್ರೆ ಬರೆದ ದಿನ ಡಾಕ್ಟರು ನನ್ನ ಗಂಡನನ್ನು ಕರೆದು, "ಇವರಿಗೆ ಮನಸ್ಸಿಗೆ ಬೇಜಾರಾಗುವ ಹಾಗೆ ಎಂತದೂ ಹೇಳ್ಬೇಡಿ" ಅಂದಿದ್ದರು. ನನ್ನ ಗಂಡ ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಮಾರನೇ ದಿನದಿಂದ ಮನೆ ಬದಲಾಯಿತು. ಅತ್ತೆ ಜಗುಲಿಯಲ್ಲಿ ಕೂತು ನಾನು ಬರುವುದನ್ನು ನೋಡಿ ಒಳಗೆ ಎದ್ದು ಹೋಗತೊಡಗಿದರು. ಕೊಡಪಾನ ಬೋರಲು ಇದ್ದರೆ ಸುಮ್ಮನೆ ತಿರುಗಿಸಿ ಇಡುತ್ತಿದ್ದರು. ಟಿವಿ ಸದ್ದು ಇಳಿಯಿತು. ನನ್ನ ಗಂಜಿಗೆ ಉಪ್ಪು ನಿಂತಿತು. ಉಪ್ಪುಸೊಳೆಯ ಭರಣಿ, ಅಂದರೆ ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟ ದೊಡ್ಡ ಜಾಡಿ, ನನ್ನ ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಏರಿತು. ಆ ಸೊಳೆಯ ಪಲ್ಯ ಅಂದರೆ ನನಗೆ ಜೀವ. ಮನೆಯವರೆಲ್ಲ ನನ್ನ ಜೊತೆ ಸಪ್ಪೆ ಊಟ ಮಾಡುತ್ತಿದ್ದರು. ಬೈಯಲಿಕ್ಕೂ ಆಗದ ಹಾಗೆ ಪ್ರೀತಿ ಮಾಡುತ್ತಿದ್ದರು.

ಒಂದು ದಿನ ಸುಳ್ಯದಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರು, ಮಗಳ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವರು, ಟಿಕೆಟು ತೆಗೆದುಕೊಳ್ಳುತ್ತಾ ಹೇಳಿದರು. "ನಿಮ್ಮ ದೀಕ್ಷಾ ಸೈನ್ಸ್ ಬಿಟ್ಟು ಕಾಮರ್ಸಿಗೆ ಬಂದದ್ದು ಒಳ್ಳೇದಾಯ್ತು ನೋಡಿ. ಈಗ ಮುಖದಲ್ಲಿ ನಗು ಉಂಟು."

ನಾನು "ಹೌದು ಹೌದು" ಅಂದೆ. ನನಗೆ ಏನೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದಾಗ ಅವಳು ಕಾಮರ್ಸಿಗೆ ಸೇರಿ ಒಂದೂವರೆ ತಿಂಗಳಾಗಿತ್ತು. ಸಹಿ ಅವಳ ಅಪ್ಪನದ್ದು. ಅತ್ತೆಗೂ ಗೊತ್ತಿತ್ತು.

"ನಿಂಗೆ ಹೇಳಿದ್ರೆ ಪ್ರೆಶರ್ ಏರ್ತದೆ ಅಂತ ಅಪ್ಪ ಹೇಳಿದ್ದು" ಅಂದಳು ದೀಕ್ಷಾ. "ನಿಂಗೆ ಎಂತಾದ್ರೂ ಆದ್ರೆ ನನ್ನಿಂದ ಆದ ಹಾಗೆ ಆಗ್ತದಲ್ಲ ಅಮ್ಮ."

ನನ್ನ ಮಗಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಹಣೆ ನೋಡುತ್ತಿದ್ದಳು, ಅಲ್ಲಿ ಏನೋ ಒಡೆದು ಹೋಗುತ್ತದೆ ಎಂಬ ಹಾಗೆ. ನನಗೆ ಬೈಯಬೇಕು ಅಂತ ಗಂಟಲವರೆಗೆ ಬಂದದ್ದು. ನುಂಗಿದೆ. ಬೈದರೆ ಸತ್ತು ಹೋಗುತ್ತೇನೆ ಅಂತ ನಾನೂ ನಂಬಿದ್ದೆ. "ಆಯ್ತು, ಓದು" ಅಂದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣೀರು ಹಾಕಿದೆ. ಸಾಯುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇದು: ನನ್ನದೇ ಮನೆಯಲ್ಲಿ ನಾನು ನೆಂಟರ ಹಾಗೆ ಆಗಿದ್ದೆ. ಎಲ್ಲರೂ ನಗುತ್ತಾರೆ, ಯಾರೂ ಏನೂ ಹೇಳುವುದಿಲ್ಲ. ಮತ್ತು ಇದಕ್ಕೆಲ್ಲ ಕಾರಣ ನನ್ನ ಕೋಪ, ಅಂದರೆ ನಾನೇ.

ಅಷ್ಟರಲ್ಲಿ ಮೈಯಲ್ಲಿ ಬೇರೆ ಏನೇನೋ ಆಗುತ್ತಿತ್ತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಾಯಾರಿಕೆ. ಗಳಿಗೆಗೊಮ್ಮೆ ಮೂತ್ರ. ಹೆಂಗಸು ಕಂಡಕ್ಟರಿಗೆ ಈ ಒಂದು ತೊಂದರೆ ಬಂದರೆ ಅದರ ಕಷ್ಟ ಏನೆಂದು ಬಸ್ಸಿನಲ್ಲಿ ದುಡಿದವರಿಗೆ ಮಾತ್ರ ಗೊತ್ತು. ಪುತ್ತೂರು ಸ್ಟ್ಯಾಂಡು ಬಿಟ್ಟರೆ ಕಡಬ ಬರುವವರೆಗೆ ಎರಡು ಕಾಲು ಬಿಗಿಹಿಡಿದು ನಿಲ್ಲಬೇಕು. ಹಮೀದಾಕನಿಗೆ ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಅವರು ಕೆಲವು ದಿನ ದಾರಿಯ ಒಂದು ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿ, "ಟೈರಿನ ಗಾಳಿ ಒಮ್ಮೆ ನೋಡ್ತೇನೆ" ಅಂತ ಇಳಿಯತೊಡಗಿದರು. ಆ ಹೋಟೆಲಿನ ಹಿಂದೆ ಚೊಕ್ಕ ಟಾಯ್ಲೆಟ್ ಇತ್ತು. ಟೈರಿಗೆ ಎಂತದೂ ಆಗಿರಲಿಲ್ಲ. ಅವರ ಆ ಉಪಕಾರ ನಾನು ಮರೆಯುವುದಿಲ್ಲ.

ನೆಟ್ಟಣದಲ್ಲಿ ಒಂದು ಮಧ್ಯಾಹ್ನ ರೈಲಿಗೆ ಹೋಗುವ ಅಜ್ಜಿಯೊಬ್ಬರ ಚೀಲ ಇಳಿಸಿಕೊಟ್ಟು ವಾಪಸು ಬಸ್ಸು ಹತ್ತಲಿಕ್ಕೆ ಕಾಲೆತ್ತಿದೆ. ಕಾಲು ಮೆಟ್ಟಿಲ ಮೇಲೆ ಇಟ್ಟಾಯಿತು, ಮೈ ಮೇಲೆ ಬರಲಿಲ್ಲ. ನೋವಿಲ್ಲ, ಏನಿಲ್ಲ. ತೊಡೆಯಲ್ಲಿ ಶಕ್ತಿಯೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಹತ್ತಿದ ಮೆಟ್ಟಿಲು ಅದು. ಹಮೀದಾಕ ಕನ್ನಡಿಯಲ್ಲಿ ನೋಡಿ ಇಳಿದು ಬಂದರು. ಇಬ್ಬರು ಹೆಂಗಸರು ಸೇರಿ ನನ್ನನ್ನು ಮೇಲೆ ಎತ್ತಿದರು.

"ಪುಷ್ಪಕ್ಕ, ಇದು ಬಿಪಿ ಅಲ್ಲ" ಅಂದರು ಹಮೀದಾಕ. "ಬಿಪಿಗೆ ತಲೆ ತಿರುಗುದು. ಕಾಲು ಯಾಕೆ ಹೋಗುದು? ನಾಳೆ ರಜೆ ಹಾಕಿ, ಪುತ್ತೂರಿನಲ್ಲಿ ಒಳ್ಳೆ ಡಾಕ್ಟ್ರಿಗೆ ತೋರ್ಸಿ. ಇಲ್ಲದಿದ್ರೆ ನಾನು ಗಾಡಿ ತೆಗಿಲಿಕ್ಕಿಲ್ಲ."

ಮಾರನೇ ದಿನ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನಾನೂ ಗಂಡನೂ ಬೆಳಿಗ್ಗೆಯಿಂದ ಕೂತಿದ್ದೆವು. ಯಾವಾಗಲೂ ನೋಡುವ ಡಾಕ್ಟರು ರಜೆಯಲ್ಲಿದ್ದರು. ಹೊಸದಾಗಿ ಬಂದ ಡಾಕ್ಟ್ರಮ್ಮ ಇದ್ದರು, ಮೈಸೂರು ಕಡೆಯವರು, ಮೂವತ್ತು ದಾಟಿರಲಿಕ್ಕಿಲ್ಲ. ನನ್ನ ಗಂಡ ಕಿವಿಯಲ್ಲಿ, "ನಾಡಿದ್ದು ಬರುವಾ? ಹಳೆ ಡಾಕ್ಟ್ರಿಗೆ ನಿನ್ನ ವಿಷಯ ಎಲ್ಲ ಗೊತ್ತುಂಟು" ಅಂದರು. ನನಗೆ ಅಲ್ಲಿಂದ ಏಳುವುದಕ್ಕೇ ಭಯವಾಗಿತ್ತು, ಕಾಲು ಎತ್ತೀತೋ ಇಲ್ಲವೋ ಅಂತ. ಅದಕ್ಕೆ ಕೂತೆ.

ಒಳಗೆ ಹೋಗಿ ಅಭ್ಯಾಸದಂತೆ ನನ್ನ ಪಾಠ ಒಪ್ಪಿಸಿದೆ. "ಬಿಪಿ ಉಂಟು ಡಾಕ್ಟ್ರೇ, ಆರು ವರ್ಷ ಆಯ್ತು. ಅದು ಮಂಡೆಬೆಚ್ಚದಿಂದ. ನಂಗೆ ಮಂಡೆಬೆಚ್ಚ ಸ್ವಲ್ಪ ಜಾಸ್ತಿ."

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಮಂಡಿ ಬೆಚ್ಚಗಾಗತ್ತಾ? ಎರಡೂ ಮಂಡಿನಾ?"

ನಾನು ಗಂಡನ ಮುಖ ನೋಡಿದೆ. ಮಂಡೆ ಎರಡು ಇರುವುದು ಯಾರಿಗೆ?

ಡಾಕ್ಟ್ರಮ್ಮ ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ. "ಬಿಸಿ ಏನಿಲ್ವಲ್ಲ. ಊತನೂ ಇಲ್ಲ. ನೋವಿದೆಯಾ?" ಆಗ ನನಗೆ ಹೊಳೆಯಿತು. ಅವರ ಕಡೆ ಮೊಣಕಾಲಿಗೆ ಮಂಡಿ ಅನ್ನುವುದು. ಈ ಹುಡುಗಿಗೆ ನಮ್ಮ ಮಂಡೆಬೆಚ್ಚ ಗೊತ್ತಿಲ್ಲ. ನಗು ಬಂತು. ಸರಿಮಾಡಿ ಹೇಳುವ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು, "ಒಂದು ಸಲ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕೈ ಊರದೆ ಎದ್ದೇಳಿ ನೋಡೋಣ" ಅಂದರು.

ಕೂತೆ. ಏಳಲಿಕ್ಕೆ ಆಗಲಿಲ್ಲ.

ಕೈ ಊರದೆ ಅಲ್ಲ, ಊರಿಯೂ ಆಗಲಿಲ್ಲ. ಡಾಕ್ಟರ ಮೇಜಿನ ಕಾಲು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ನನ್ನ ಗಂಡ ಕಂಕುಳಿಗೆ ಕೈಹಾಕಿ ಎತ್ತಿದರು. ಡಾಕ್ಟ್ರಮ್ಮನ ಮುಖ ಬದಲಾಯಿತು. ಆಮೇಲೆ ಅವರು ಕೇಳಿದ್ದು, ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಗಳು. ಯಾವಾಗಿನಿಂದ ಹೀಗೆ? ಮೀನಖಂಡ ಹಿಡ್ಕೊಳ್ಳತ್ತಾ? ಬಾಯಾರಿಕೆ? ಮೂತ್ರ ಎಷ್ಟು ಸಲ? ಎದೆ ಡವಗುಟ್ಟತ್ತಾ? ಎಲ್ಲದಕ್ಕೂ ಹೌದು. ಮಂಡೆಬೆಚ್ಚ ಅಂದರೆ ಏನು ಅಂತ ನನ್ನ ಗಂಡ ಕೊನೆಗೆ ಬಿಡಿಸಿ ಹೇಳಿದಾಗ ಅವರು ನಕ್ಕು, "ಅದಿರಲಿ ಬಿಡಿ. ಮೊದಲು ರಕ್ತ ಕೊಡಿ" ಅಂದರು.

ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಹೃದಯದ ಬಡಿತಕ್ಕೇ ತೊಂದರೆ ಆಗುವಷ್ಟು. ಮನೆಗೆ ಕಳಿಸಲಿಲ್ಲ, ಅಲ್ಲೇ ಮಲಗಿಸಿದರು. ಸೂಜಿಯ ದಾರಿಯಲ್ಲಿ ಅದು ಮೈಗೆ ಹೋಗುವಾಗ ಕೈ ಉರಿಯುತ್ತದೆ. ನರ್ಸು ಅಕ್ಕ ಬಂದು ಬಂದು ಹನಿ ನಿಧಾನ ಮಾಡಿ, ಒದ್ದೆ ಬಟ್ಟೆ ಇಟ್ಟು ಹೋಗುತ್ತಿದ್ದರು. ಎರಡು ದಿನದಲ್ಲಿ ಕಾಲಿಗೆ ಜೀವ ಬಂತು. ಕಕ್ಕಸಿಗೆ ನಾನೇ ಎದ್ದು ನಡೆದು ಹೋದದ್ದು ನನಗೆ ಆ ದಿನ ಹಬ್ಬ.

ಬಿಡುಗಡೆ ದಿನ ಅತ್ತೆಯೂ ಬಂದಿದ್ದರು. ಡಾಕ್ಟ್ರಮ್ಮ ಮೂವರನ್ನೂ ಕೂರಿಸಿ ಹೇಳಿದರು. ಮೂತ್ರಪಿಂಡದ ಮೇಲೆ ಟೊಪ್ಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ. ಅದು ಸ್ಟೀರಾಯ್ಡ್ ಜಾತಿಯ ಹಾರ್ಮೋನು ಮಾಡುತ್ತದೆ. ಅದರಲ್ಲಿ ಒಂದು ಜಾಸ್ತಿಯಾದರೆ ಮೈ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಮನ್ನು ಹೊರಗೆ ಹಾಕುತ್ತದೆ, ಬಿಪಿ ಏರುತ್ತದೆ. ನನ್ನದು ಹಾಗಿರಬಹುದು ಅಂತ ಸಂಶಯ. ಮಂಗಳೂರಿನಲ್ಲಿ ಹಾರ್ಮೋನಿನ ಡಾಕ್ಟರಿಗೆ ತೋರಿಸಬೇಕು.

ಇಷ್ಟರಲ್ಲಿ ನಮ್ಮ ಮನೆಯವರ ಕಿವಿಗೆ ಹೋದದ್ದು ಒಂದೇ ಮಾತು, ಸ್ಟೀರಾಯ್ಡ್. ನಮ್ಮ ಕಡೆ ಆ ಹೆಸರು ಕೇಳಿದರೆ ಎಲ್ಲರಿಗೂ ಹೆದರಿಕೆ. ಗಂಟುನೋವಿಗೆ ಅಂತ ಯಾರೋ ಕೊಡುವ ಪುಡಿಯಲ್ಲಿ ಅದು ಇರುತ್ತದೆ, ಮುಖ ಊದುತ್ತದೆ, ಹಾಗಾಯಿತು ಹೀಗಾಯಿತು ಅಂತ ಕೇಳಿದ್ದೇವೆ. ಮನೆಗೆ ಬಂದ ಮೇಲೆ ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಕೇಳಿದರೆ, "ನಂಗೆ ಎಂತದೂ ಇಲ್ಲ, ನೀನು ಮಲಗು" ಅಂತ ಮುಖ ತಿರುಗಿಸುತ್ತಿದ್ದರು.

ಮಂಗಳೂರಿಗೆ ಹೊರಡುವ ದಿನ ಅವರೂ ಸೀರೆ ಉಟ್ಟು ಹೊರಟು ನಿಂತರು. ಬೇಡ ಅಂದರೆ ಕೇಳಲಿಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಯ ಬೆಂಚಿನಲ್ಲಿ ನಾವು ನಾಲ್ಕು ಗಂಟೆ ಕೂತೆವು. ನನ್ನ ಪಕ್ಕದಲ್ಲಿ ಕಡಬದ ನೆಬಿಸಾಮ್ಮ ಅನ್ನುವವರು. ಥೈರಾಯ್ಡಿಗೆ ವರ್ಷಗಳಿಂದ ಬರುತ್ತಿದ್ದವರು, ಆ ಬೆಂಚು ಅವರ ಮನೆಯ ಜಗುಲಿಯ ಹಾಗೆ. ನನ್ನ ಮುಖ ನೋಡಿ, "ನೀವು ಕಡಬ ಬಸ್ಸಿನ ಜೋರಿನ ಕಂಡಕ್ಟರ್ ಅಲ್ವಾ?" ಅಂದರು. ಹೌದು ಅಂದೆ.

"ನಂಗೆ ಒಮ್ಮೆ ಬೈದಿದ್ದೀರಿ. ಸ್ಟಾಪ್ ಬರುವ ಮೊದ್ಲೇ ಎದ್ದು ನಿಂತದ್ದಕ್ಕೆ."

ನನಗೆ ನಾಚಿಕೆಯಾಯಿತು. "ಆ ಕೋಪದಿಂದಲೇ ಈಗ ಇಲ್ಲಿ ಬಂದು ಕೂತದ್ದು" ಅಂದೆ.

ನೆಬಿಸಾಮ್ಮ ಚೀಲದಿಂದ ಖರ್ಜೂರ ತೆಗೆದು ನನ್ನ ಕೈಗೂ ಅತ್ತೆಯ ಕೈಗೂ ಹಾಕಿದರು. "ಎಂತ ಕೋಪ? ನನ್ನ ಉಮ್ಮನಿಗೆ ನಿಮ್ಮ ಎರಡರಷ್ಟು ಕೋಪ ಇತ್ತು. ಎಂಬತ್ತಾರು ವರ್ಷ ಬದುಕಿದ್ರು. ಬೈದೇ ಹೋದದ್ದು."

ಅತ್ತೆ ಆ ಖರ್ಜೂರ ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮ ಹೆಸರು ಕರೆದು ಒಳಗೆ ಹೋದಾಗ, ಹಾರ್ಮೋನಿನ ಡಾಕ್ಟರು, ತಲೆ ನರೆತವರು, ನನ್ನ ಕಾಗದ ಓದುತ್ತಿರುವಾಗಲೇ ಅತ್ತೆ ಸೆರಗಿನ ಗಂಟು ಬಿಚ್ಚಿ ಪುಡಿಯ ಒಂದು ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟರು.

"ಇದು ನಾನು ಕೊಟ್ಟದ್ದು ಡಾಕ್ಟ್ರೇ. ಹೋದ ವರ್ಷ ಕಾಲುನೋವು ಅಂತ ಹೇಳ್ತಿದ್ಲು. ಸಂತೆಯಲ್ಲಿ ಒಬ್ಬರು ಮಾರ್ತಿದ್ರು. ನಾಲ್ಕು ದಿನ ಚಾದಲ್ಲಿ ಹಾಕಿ ಕೊಟ್ಟಿದ್ದೇನೆ, ಅವಳಿಗೆ ಹೇಳ್ಲಿಲ್ಲ. ಇದರಿಂದ ಆದದ್ದಾದ್ರೆ ಹೇಳಿ."

ಈ ಹೆಂಗಸು ಅದನ್ನು ಎದೆಯಲ್ಲಿ ಇಟ್ಟುಕೊಂಡು ಉಣ್ಣದೆ ಕೂತದ್ದು.

ಡಾಕ್ಟರು ಪೊಟ್ಟಣ ಬಿಡಿಸಿ ಮೂಸಿ ನೋಡಿದರು. "ಅಮ್ಮ, ಇಂಥದ್ದನ್ನು ಇನ್ನು ಯಾರಿಗೂ ಕೊಡಬೇಡಿ. ಇದರಲ್ಲಿ ಎಂತ ಇರ್ತದೆ ಅಂತ ಮಾರುವವನಿಗೂ ಗೊತ್ತಿರುದಿಲ್ಲ. ಆದ್ರೆ ನಿಮ್ಮ ಸೊಸೆಗೆ ಬಿಪಿ ಬಂದು ಆರು ವರ್ಷ ಆಯ್ತು. ನೀವು ಇದನ್ನು ಕೊಟ್ಟದ್ದು ಹೋದ ವರ್ಷ. ನಾನು ಹೇಳ್ತಿರುವುದು ಹೊರಗಿನಿಂದ ತಿಂದದ್ದಲ್ಲ, ಇವರ ಮೈಯೇ ಒಳಗೆ ಮಾಡುದು. ನಿಮ್ಮಿಂದ ಆದದ್ದಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಕಾಗದದಲ್ಲಿ ಪುತ್ತೂರಿನ ಡಾಕ್ಟ್ರಮ್ಮ ಮಂಡೆಬೆಚ್ಚದ ವಿಷಯವನ್ನೂ ಬರೆದಿದ್ದರು ಅಂತ ಕಾಣುತ್ತದೆ. "ಅನುಮಾನ ನಿಜವಾದ್ರೆ, ನಿಮ್ಮ ಕೋಪದಿಂದಲೂ ಬಂದದ್ದಲ್ಲ. ಕೋಪ ಬಂದಾಗ ಬಿಪಿ ಎಲ್ಲರಿಗೂ ಸ್ವಲ್ಪ ಏರ್ತದೆ, ಇಳಿತದೆ. ಆರು ವರ್ಷ ಯಾರೂ ಒಂದೇ ಸಮ ಕೋಪದಲ್ಲಿ ಇರ್ಲಿಕ್ಕೆ ಆಗುದಿಲ್ಲ."

ನಾನು ಅತ್ತುಬಿಟ್ಟೆ. ಕಾಯಿಲೆ ಉಂಟು ಅಂದಾಗ ಅಳದವಳು, ನಿನ್ನ ತಪ್ಪಲ್ಲ ಅಂದಾಗ ಅತ್ತದ್ದು. ಪಕ್ಕದಲ್ಲಿ ಅತ್ತೆಯೂ ಅಳುತ್ತಿದ್ದರು. ನನ್ನ ಗಂಡ ಇಬ್ಬರಲ್ಲಿ ಯಾರಿಗೆ ಕರ್ಚೀಫು ಕೊಡುವುದು ಅಂತ ತಿಳಿಯದೆ ತಾನೇ ಮುಖ ಒರೆಸಿಕೊಂಡರು.

ಪರೀಕ್ಷೆಗೆ ಮೊದಲು ಕೆಲವು ವಾರ ಮಾತ್ರೆ ಬದಲಾಯಿಸಿದರು, ಪೊಟ್ಯಾಸಿಯಂ ಕುಡಿಯಲಿಕ್ಕೆ ಕೊಟ್ಟರು. ಅದರ ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮತ್ತೆ ಒಂದು ಮಾತು ಹೇಳಿದರು: ಆ ದಿನಗಳಲ್ಲಿ ಊಟಕ್ಕೆ ಉಪ್ಪು ಬಿಡಬಾರದು, ಬಿಟ್ಟರೆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ನನ್ನ ಗಂಡ ಎರಡೆರಡು ಸಲ ಕೇಳಿದರು. "ಉಪ್ಪು ತಿನ್ಬೇಕಾ ಡಾಕ್ಟ್ರೇ, ತಿನ್ಬಾರ್ದಾ?" ತಿನ್ನಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡೇ ಹೊರಟರು. ಮನೆಗೆ ಬಂದದ್ದೇ ಅತ್ತೆ ಏಣಿ ಇಟ್ಟು ಅಟ್ಟ ಹತ್ತಿದರು. ಎಪ್ಪತ್ತರ ಹತ್ತಿರದ ಹೆಂಗಸು, ಯಾರನ್ನೂ ಕರೆಯದೆ ಆ ಭರಣಿ ಇಳಿಸಿದರು. ಆ ದಿನ ಉಪ್ಪುಸೊಳೆಯ ಪಲ್ಯ, ತೆಂಗಿನಕಾಯಿ ಹಾಕಿ ಒಗ್ಗರಣೆ ಕೊಟ್ಟದ್ದು. ನಾನು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಎದುರು ಮೂವರೂ ಕೂತು, ನನಗೆ ಏನಾದರೂ ಆಗುತ್ತದಾ ಅಂತ ನೋಡುತ್ತಿದ್ದರು.

ರಕ್ತದಲ್ಲಿ ಹಾರ್ಮೋನು ಜಾಸ್ತಿ ಇತ್ತು. ನಾಲ್ಕು ಗಂಟೆ ಉಪ್ಪುನೀರಿನ ಡ್ರಿಪ್ಪು ಏರಿಸಿ ಮತ್ತೆ ನೋಡಿದರು, ಆಗಲೂ ಅದು ತಗ್ಗಲಿಲ್ಲ. ಸ್ಕ್ಯಾನಿನಲ್ಲಿ ಎಡಗಡೆಯ ಗ್ರಂಥಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟು ಕಂಡಿತು. ಗಂಟು ಅಂದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಒಂದೇ ಯೋಚನೆ ಬಂತು. ಕೊನೆಗೆ ಕೇಳಿದವಳು ನಾನೇ. ಡಾಕ್ಟರು ಕ್ಯಾನ್ಸರ್ ತರದ್ದಲ್ಲ ಅಂದರು. ಆದರೆ ಜಾಸ್ತಿ ಮಾಡುತ್ತಿರುವುದು ಆ ಗಂಟೇ ಹೌದೋ ಅಂತ ಖಚಿತ ಮಾಡಬೇಕು, ಅದಕ್ಕೆ ತೊಡೆಸಂದಿನಿಂದ ಸಪೂರದ ಕೊಳವೆ ಹಾಕಿ ಎರಡೂ ಗ್ರಂಥಿಗಳ ರಕ್ತ ಬೇರೆ ಬೇರೆ ತೆಗೆದು ನೋಡಬೇಕು ಅಂದರು. ಎಚ್ಚರದಲ್ಲೇ ಮಾಡುವುದು. ಮೇಲಿನ ದೊಡ್ಡ ದೀಪ ನೋಡುತ್ತಾ ನಾನು ಮನಸ್ಸಿನಲ್ಲೇ ಪುತ್ತೂರಿನಿಂದ ನೆಟ್ಟಣದವರೆಗಿನ ಸ್ಟಾಪುಗಳನ್ನು ಒಂದೊಂದಾಗಿ ಕೂಗುತ್ತಾ ಹೋದೆ. ನೆಟ್ಟಣ ಮುಟ್ಟಿ ವಾಪಸು ಹೊರಟಾಗ ಮುಗಿಯಿತು ಅಂದರು. ಎಡಗಡೆಯದ್ದೇ.

ಆಪರೇಷನ್ನಿನ ಬೆಳಿಗ್ಗೆ ದೀಕ್ಷಾ ನನ್ನ ಜಡೆ ಹೆಣೆದು ಮೇಲೆ ಕಟ್ಟಿದಳು. ಅಷ್ಟು ದಿನವೂ ಅವಳು ನನ್ನ ಹತ್ತಿರ ಲೆಕ್ಕ ಹಾಕಿ ಮಾತಾಡುತ್ತಿದ್ದಳು. ಆ ದಿನ ಮಾತ್ರ, "ಅಮ್ಮ, ವಾಪಸು ಬಂದ ಮೇಲೆ ನಂಗೆ ಬೈಬೇಕು. ಕಾಮರ್ಸಿನ ವಿಷಯಕ್ಕೆ. ಬಾಕಿ ಉಂಟು" ಅಂದಳು. ನಾನು ಅವಳ ಕೆನ್ನೆ ಹಿಂಡಿದೆ. ಸ್ಟ್ರೆಚರ್ ದೂಡಿಕೊಂಡು ಹೋಗುವಾಗ ಅತ್ತೆ ಪಕ್ಕದಲ್ಲಿ ಬಾಗಿಲವರೆಗೂ ನಡೆದು ಬಂದರು, ನನ್ನ ಕಾಲಿನ ಮೇಲೆ ಕೈಯಿಟ್ಟುಕೊಂಡು. ಭಯ ಇತ್ತು. ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೂರು ಸಣ್ಣ ತೂತು ಮಾಡಿ ಆ ಗ್ರಂಥಿ ತೆಗೆದರು.

ಒಂದು ತಿಂಗಳಲ್ಲಿ ಮೂರು ಮಾತ್ರೆ ಒಂದಾಯಿತು, ಆಮೇಲೆ ಅರ್ಧ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ, ಕೆಲವರಿಗೆ ಮಾತ್ರೆಯೇ ದಾರಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾನು ಡಾಕ್ಟರಲ್ಲ, ಯಾರಿಗೂ ಬುದ್ಧಿ ಹೇಳುವ ಓದು ನನಗಿಲ್ಲ. ನನ್ನ ತಪ್ಪು ಒಂದನ್ನು ಮಾತ್ರ ಹೇಳಬಲ್ಲೆ. ಮೈಗೆ ಏನಾಗುತ್ತಿದೆ ಅಂತ ಹೇಳುವುದು ಬಿಟ್ಟು, ಯಾಕೆ ಆಗುತ್ತಿದೆ ಅಂತ ನಾನೇ ತೀರ್ಪು ಕೊಟ್ಟು ಕೂರುತ್ತಿದ್ದೆ. ನನ್ನ ಮಾತು ಅರ್ಥವಾಗದ ಒಬ್ಬ ಹುಡುಗಿ ಸಿಕ್ಕಿದ್ದು ನನ್ನ ಪುಣ್ಯ.

ಆದರೆ ಮನೆ ಇನ್ನೂ ಮೆಲ್ಲ ಮೆಲ್ಲನೇ ನಡೆಯುತ್ತಿತ್ತು. ಬಿಪಿ ಇಳಿದರೂ ಅವರ ಹೆದರಿಕೆ ಇಳಿಯಲಿಲ್ಲ. ನಾನು ಬೇಕೆಂದೇ ಒಂದು ದಿನ ಕೊಡಪಾನ ಬೋರಲು ಹಾಕಿ ಬಂದೆ. ಅತ್ತೆ ಸುಮ್ಮನೆ ತಿರುಗಿಸಿ ಇಟ್ಟರು. ಇನ್ನು ಇದು ಹೀಗೇನಾ ಅಂದುಕೊಂಡೆ.

ಡ್ಯೂಟಿಗೆ ಸೇರಿದ ಮೊದಲ ವಾರ. ಭಾನುವಾರ ಬೆಳಿಗ್ಗೆ ಪಲ್ಯ ಮಾಡುವ ಅಂತ, ಪಾತ್ರೆ ತೊಳೆಯುತ್ತಿದ್ದ ಕೈಯನ್ನು ಸೆರಗಿಗೆ ಅರ್ಧ ಒರೆಸಿ ಉಪ್ಪುಸೊಳೆಯ ಭರಣಿಗೆ ಹಾಕಿದೆ. ಇದನ್ನು ಓದುವ ನಮ್ಮ ಕಡೆಯ ಹೆಂಗಸರು ಈಗಲೇ ಉಸಿರು ಬಿಗಿಹಿಡಿದಿರುತ್ತಾರೆ. ಭರಣಿಗೆ ಒದ್ದೆ ಕೈ ಹಾಕಿದರೆ ಇಡೀ ಭರಣಿ ಹಾಳು. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಭರಣಿಗೆ ಚಂಡಿ ಕೈ ಹಾಕಿದಿಯಾ?"

"ಸ್ವಲ್ಪ ಒದ್ದೆ ಇತ್ತು ಅಷ್ಟೆ" ಅಂದೆ.

"ಸ್ವಲ್ಪವಾ? ಇಷ್ಟು ವರ್ಷ ಈ ಮನೆಯಲ್ಲಿದ್ದು ನಿಂಗೆ ಒಂದು ಭರಣಿ ಮುಟ್ಲಿಕ್ಕೆ ಗೊತ್ತಿಲ್ವಾ? ಇಡೀ ಮಳೆಗಾಲಕ್ಕೆ ಅಂತ ಹಾಕಿದ್ದು. ಬಸ್ಸಿನಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತಿ, ನಿನ್ನ ಬುದ್ಧಿ ಎಲ್ಲಿ ಇಳಿಸಿ ಬಂದಿ?"

ಆ ದನಿ ಎಷ್ಟು ದಿನದ ಮೇಲೆ ಕೇಳಿದ್ದು. ನನ್ನ ದನಿಯೂ ತಾನಾಗಿ ಎದ್ದಿತು. "ನೀವು ಭರಣಿಯನ್ನು ಒಲೆಯ ಬುಡದಲ್ಲಿ ಇಟ್ರೆ ಹಾಳಾಗದೆ ಇನ್ನೆಂತ ಆಗ್ತದೆ? ನನ್ನ ಕೈ ಮಾತ್ರ ಕಾಣುದಾ ನಿಮಗೆ?"

ಶೆಡ್ಡಿನಿಂದ ನನ್ನ ಗಂಡ ಸ್ಪ್ಯಾನರ್ ಹಿಡಿದುಕೊಂಡೇ ಓಡಿ ಬಂದರು. "ಅಮ್ಮ, ಬಿಪಿ, ಬಿಪಿ" ಅನ್ನುತ್ತಾ. ದೀಕ್ಷಾ ಒಳಗಿನಿಂದ ಬಿಪಿ ಮೆಷಿನ್ ತಂದು ನನ್ನನ್ನು ಮಣೆಯ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದಳು. ನಾಲ್ವರೂ ಉಸಿರೆತ್ತದೆ ಆ ಸಣ್ಣ ಪರದೆ ನೋಡುತ್ತಾ ನಿಂತೆವು. ಗಾಳಿ ಬಿಗಿಯಿತು, ಬಿಟ್ಟಿತು.

"ನೂರ ಮೂವತ್ತೆರಡು, ಎಂಬತ್ತನಾಲ್ಕು" ಅಂತ ದೀಕ್ಷಾ ಓದಿದಳು. "ಅಜ್ಜಿ, ಜಗಳದ ಮಧ್ಯದಲ್ಲಿ ಇಷ್ಟೇ ಉಂಟು."

ಅತ್ತೆ ಬಗ್ಗಿ ತಾವೇ ಒಮ್ಮೆ ನೋಡಿದರು, ಓದಲಿಕ್ಕೆ ಬಾರದಿದ್ದರೂ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಹಾಗಾದ್ರೆ ಕೇಳು" ಅಂತ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದ ಮುಂದುವರಿಸಿದರು. ಕೊಡಪಾನ ಬೋರಲು ಹಾಕಿದ್ದೂ ಬಂತು, ಎಲ್ಲ ಬಂತು. ನಾನೂ ಒಂದನ್ನೂ ಬಿಡಲಿಲ್ಲ. ಚಾ ಮಾಡಿದ್ದು ನನ್ನ ಗಂಡ.

ಚಾ ಕುಡಿಯುವಾಗ ಪಟ್ಟಿ ಇನ್ನೂ ನನ್ನ ತೋಳಿನಲ್ಲೇ ಇತ್ತು. ದೀಕ್ಷಾ ಅದನ್ನು ಬಿಚ್ಚಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಈ ಸಲ ನನ್ನ ಹಣೆ ನೋಡದೆ ಕಣ್ಣನ್ನೇ ನೋಡಿ, "ಅಮ್ಮ, ಹಾಗಾದ್ರೆ ಇನ್ನೊಂದು ವಿಷಯ ಉಂಟು, ಹೇಳ್ಲಾ?" ಅಂದಳು.

"ಹೇಳು" ಅಂದೆ.

"ಅಕೌಂಟೆನ್ಸಿಯಲ್ಲಿ ಫೇಲ್."

ನಾನು ಬೈದೆ. ಬಾಕಿ ಇದ್ದದ್ದನ್ನೂ ಸೇರಿಸಿ ಬೈದೆ, ಹಿಂದಿನ 'ಆಯ್ತು, ಓದು' ಅಂದ ದಿನದ್ದನ್ನೂ. ಅವಳು ಎದ್ದು ಹೋಗಲಿಲ್ಲ. ನನ್ನ ಭುಜಕ್ಕೆ ಒರಗಿ ಕೂತು ಪೂರ್ತಿ ಕೇಳಿದಳು.